ಹುಟ್ಟು ಕಿವುಡರ ನೋಟ: ಒಂದು ಸ್ಪಷ್ಟನೆ

ಹುಟ್ಟಿನಿಂದ ಕಿವಿ ಕೇಳದ ಮಕ್ಕಳ ದೃಷ್ಟಿ ಇತರರಿಗಿಂತ ಚುರುಕಾಗಿರುವುದರಿಂದ ಅವರಿಗೆ ಕಣ್ಣಿನ ತಪಾಸಣೆ ಬೇಕಿಲ್ಲ ಎಂಬ ಸಂದೇಶವೊಂದು ಹುಬ್ಬಳ್ಳಿ-ಧಾರವಾಡದ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಮೆದುಳು ವಿಜ್ಞಾನಿಗಳಾದ ಹೆಲೆನ್ ನೆವಿಲ್, ಡಾಫ್ನಿ ಬವೆಲಿಯರ್ ಮೊದಲಾದವರ ಅಧ್ಯಯನಗಳ ಪ್ರಕಾರ, ಬಾಲ್ಯದಿಂದಲೇ ಸನ್ನೆ ಭಾಷೆ ಬಳಸುತ್ತ ಬೆಳೆದ ಹುಟ್ಟು ಕಿವುಡರು ನೋಟದ ಅಂಚಿನಲ್ಲಾಗುವ ಚಲನೆಯನ್ನು ಹೆಚ್ಚು ಚೆನ್ನಾಗಿ ಗಮನಿಸುತ್ತಾರೆ. ಸಾಮಾನ್ಯವಾಗಿ ಶಬ್ದಕ್ಕೆ ಮೀಸಲಾದ ಮೆದುಳಿನ ಕೆಲವು ಭಾಗಗಳು ಅವರಲ್ಲಿ ಕಣ್ಣಿಗೆ ಕಂಡದ್ದಕ್ಕೂ ಸ್ಪಂದಿಸುತ್ತವೆ. ಇಲ್ಲಿ ಬದಲಾಗುವುದು ಗಮನದ ಹಂಚಿಕೆಯೇ ಹೊರತು, ತಪಾಸಣೆಯ ಫಲಕದ ಅಕ್ಷರ ಓದುವ ಸಾಮರ್ಥ್ಯವಲ್ಲ. ಅಷ್ಟೇ ಅಲ್ಲ, ಅಷರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರುವ ಮಕ್ಕಳಲ್ಲಿ ಕಿವುಡುತನದ ಜೊತೆಗೆ ಇರುಳುಗುರುಡು ಕಾಣಿಸಿಕೊಂಡು, ಅದೇ ಅಂಚಿನ ನೋಟ ಕ್ರಮೇಣ ಕುಗ್ಗುತ್ತದೆ. ಆದ್ದರಿಂದ ಈ ಮಕ್ಕಳ ಕಣ್ಣಿನ ತಪಾಸಣೆಯನ್ನು ತಪ್ಪಿಸಲೇಬಾರದು.