ಕೂ ಹಾಕಿದರೆ ಕೇಳುವವರು

ಊರಿಗೆ ಹೋದಾಗಲೆಲ್ಲ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳುತ್ತಾರೆ: ‘ಮುಂಬೈನಲ್ಲಿ ಹೆಣ್ಣುಮಗಳನ್ನ ಇಟ್ಕೊಂಡು ಹೆಂಗಿದ್ದೀರಿ ಮಾರಾಯ್ರೇ, ಭಯ ಆಗಲ್ವಾ?’ ಮುಲುಂಡ್‌ಗೆ ಬಂದು 22 ವರ್ಷವಾಯಿತು. ಭಯ ಆಗುತ್ತದೆ, ನಿಜ. ಆದರೆ ಮಧ್ಯರಾತ್ರಿ ಎಚ್ಚರವಾದರೆ ನನಗೆ ನೆನಪಾಗುವುದು ಊರಿನ ಮನೆ.

ಮಗಳು ಕೆಲಸ ಮುಗಿಸಿ ರಾತ್ರಿ ಹತ್ತೂವರೆಯ ಲೋಕಲ್‌ಗೆ ಬರುತ್ತಾಳೆ. ಲೇಡೀಸ್ ಡಬ್ಬಿಯಲ್ಲಿ ರಾತ್ರಿ ಹೊತ್ತು ಪೊಲೀಸರೊಬ್ಬರು ಇರುತ್ತಾರೆ. ಸ್ಟೇಷನ್ನಿಂದ ಮನೆಯವರೆಗೂ ವಡಾಪಾವ್ ಗಾಡಿ, ಔಷಧಿ ಅಂಗಡಿ, ಆಟೋಗಳ ಸಾಲು. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿಲ್ಲ. ಆದರೂ ಕೂಗಿದರೆ ಇಪ್ಪತ್ತು ಜನ ತಿರುಗಿ ನೋಡುತ್ತಾರೆ. ಕಳ್ಳರಿಲ್ಲ ಅಂತಲ್ಲ, ನನ್ನ ಮೊಬೈಲೇ ಎರಡು ಸಲ ಹೋಗಿದೆ.

‘ಅಪರಾಧದ ಲೆಕ್ಕ ನೋಡಿ, ಸಿಟಿಯಲ್ಲೇ ಜಾಸ್ತಿ’ ಅನ್ನುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಎಣಿಸುವುದು ಠಾಣೆಯಲ್ಲಿ ದಾಖಲಾದದ್ದನ್ನು ಮಾತ್ರ. ನಮ್ಮೂರಲ್ಲಿ ಅಡಿಕೆ ಕಳುವಾದರೆ ಎಷ್ಟು ಜನ ದೂರು ಬರೆಸುತ್ತಾರೆ?

ಅಪ್ಪನಿಗೆ 81, ಅಮ್ಮನಿಗೆ 76. ಇರುವುದು ಒಂಟಿಮನೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ತೋಟದ ತಲೆಗೆ ಮನೆ, ಆಚೆಮನೆ ಅಂದರೆ ಅರ್ಧ ಕಿಲೋಮೀಟರ್, ನಡುವೆ ಹಳ್ಳ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಹನ್ನೊಂದು ಜನ. ಹಗಲಲ್ಲಿ ಬೀಗ ಹಾಕಿದ್ದೇ ನೆನಪಿಲ್ಲ. ಹಳ್ಳದ ದಂಡೆಯಲ್ಲಿ ನಿಂತು ಕೂ ಹಾಕಿದರೆ ಆಚೆಯಿಂದಲೂ ಕೂ ಬರುತ್ತಿತ್ತು. ಈಗ ಆಚೆಮನೆಯಲ್ಲಿ ಅಜ್ಜಿ ಒಬ್ಬರೇ. ಅವರ ಮಕ್ಕಳು ಬೆಂಗಳೂರಲ್ಲಿ.

ಅಂಗಳದಲ್ಲಿ ಒಣಗುವ ಅಡಿಕೆಗೆ ಕ್ವಿಂಟಲ್‌ಗೆ 40 ಸಾವಿರ ದಾಟಿದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಮೊಬೈಲ್ ಟವರೂ ಹೋಗುತ್ತದೆ. 112ಕ್ಕೆ ಫೋನ್ ಮಾಡುವುದು ಎಲ್ಲಿಂದ? ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದ ಅಪ್ಪನಿಗೆ ಈಗ ಅದನ್ನು ಎತ್ತಲೂ ಆಗುವುದಿಲ್ಲ.

ಹೋದ ಸುಗ್ಗಿಯಲ್ಲಿ ಎರಡು ಚೀಲ ಅಡಿಕೆ ಹೋಯಿತು. ನಾಯಿ ಒಂದೇ ಸಮನೆ ಬೊಗಳಿದ್ದು ಇಬ್ಬರಿಗೂ ಕೇಳಿದೆ. ಲೈಟ್ ಹಾಕಲಿಲ್ಲ. ಅಮ್ಮ ಎದ್ದು ಬಾಗಿಲ ಅಗುಳಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಬಂದು ಮಲಗಿದಳಂತೆ. ‘ಹೋದ್ರೆ ಅಡಿಕೆ ಹೋಗ್ಲಿ ಅಂತ ಉಸಿರು ಬಿಡದೆ ಮಲಗಿದ್ವಿ ಮಗಾ’ ಅಂದಳು. ಅದನ್ನು ಹೇಳಿದ್ದೂ ನಾಲ್ಕು ದಿನ ಬಿಟ್ಟು, ನಾನು ಗಾಬರಿಯಾಗುತ್ತೇನೆ ಅಂತ.

ಮುಂಬೈಯಲ್ಲಿ ಒಂಟಿಯಾಗಿರುವ ಹಿರಿಯರ ಹೆಸರು ಠಾಣೆಯಲ್ಲಿರುತ್ತದೆ. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ, ಹಿರಿಯರಿಗೆಂದೇ 1090 ನಂಬರ್ ಇದೆ. ಕರ್ನಾಟಕದಲ್ಲೂ 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಮಲೆನಾಡಿನಲ್ಲಿ ಅದು ಮೊದಲು ಹೋಗಬೇಕಾದ್ದು ಒಂಟಿಮನೆಗಳಿಗೆ. ಪೇಟೆ ಬೀದಿಯ ಮನೆಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ದೀಪಾವಳಿಗೆ ಹೋದಾಗ ಠಾಣೆಗೆ ಹೋಗಿ ಅಪ್ಪ ಅಮ್ಮನ ಹೆಸರು ಬರೆಸುತ್ತೇನೆ, ಆಚೆಮನೆ ಅಜ್ಜಿಯದ್ದೂ. ದಾರಿಯನ್ನೂ ಬರೆಸಬೇಕು: ಕಾಲುಸಂಕ ದಾಟಿ ಎಡಕ್ಕೆ, ಬೇಲಿಯ ಎರಡನೇ ದಣಪೆ.