ನಮೂನೆ 8 ಮತ್ತು ಒಂದು ಶಾಲು

ಮತದಾರರ ಪಟ್ಟಿಯಲ್ಲಿ ನಮ್ಮ ದೊಡ್ಡಪ್ಪನ ಹೆಸರು ತಪ್ಪಾಗಿತ್ತು. ಹೆಸರಿನ ಕೊನೆಯ 'ಅಪ್ಪ' ಹೋಗಿ 'ಅಮ್ಮ' ಬಂದಿತ್ತು. ಮೀಸೆಯ ಫೋಟೊ ಮಾತ್ರ ಸರಿಯಾಗಿತ್ತು. ತಿದ್ದಿಸಲು ನಮೂನೆ 8 ತುಂಬಬೇಕು ಎಂದರು. ತುಂಬಿದೆವು. ಆಧಾರ್ ಜೆರಾಕ್ಸ್ ಕೊಟ್ಟೆವು, ರೇಷನ್ ಕಾರ್ಡ್ ಕೊಟ್ಟೆವು, ಎರಡು ಸಲ ಸರದಿಯಲ್ಲಿ ನಿಂತೆವು. ಕೆಲವು ತಿಂಗಳ ಮೇಲೆ ಹೊಸ ಕಾರ್ಡ್ ಬಂತು. 'ಅಪ್ಪ' ವಾಪಸ್ ಬಂದಿದ್ದ. ಆದರೆ 81 ಇದ್ದ ವಯಸ್ಸು 18 ಆಗಿತ್ತು.

"ಇರಲಿ ಬಿಡು ತಮ್ಮಾ, ಇದನ್ನ ತಿದ್ದಸಬ್ಯಾಡ" ಎಂದರು ದೊಡ್ಡಪ್ಪ.

ಅವರ ಊರು ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರಕ್ಕೆ ಸೇರುತ್ತದೆ. ಅದಲುಬದಲು ಅಲ್ಲಿಯವರಿಗೆ ಹೊಸದೇನಲ್ಲ. 2018ರ ವಿಧಾನಸಭೆ ಚುನಾವಣೆಯಲ್ಲಿ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್, ಬಸನಗೌಡ ತುರ್ವಿಹಾಳರು ಬಿಜೆಪಿ. ಪಾಟೀಲರು ಗೆದ್ದದ್ದು 213 ಮತಗಳಿಂದ. ಟ್ರ್ಯಾಕ್ಟರ್ ಟ್ರಾಲಿಯೊಂದು ನಾಲ್ಕಾರು ಸಲ ಓಡಾಡಿದರೆ ಮುಗಿಯುವಷ್ಟು ಜನ! ಮರುವರ್ಷ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬೀಳಿಸಿದ 17 ಶಾಸಕರಲ್ಲಿ ಪಾಟೀಲರೂ ಒಬ್ಬರು. ಸ್ಪೀಕರ್ ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆ 15 ಕ್ಷೇತ್ರಗಳಿಗೆ ಮರುತಿಂಗಳೇ ಉಪಚುನಾವಣೆ ಆಯಿತು. ಮಸ್ಕಿಯದು 213 ಮತಗಳ ತಕರಾರಿನಲ್ಲಿ ಕೋರ್ಟ್‌ನಲ್ಲಿ ಕೂತಿತ್ತು. ಸುಮಾರು 21 ತಿಂಗಳು ಅಲ್ಲಿ ಶಾಸಕರೇ ಇರಲಿಲ್ಲ. ವ್ಯತ್ಯಾಸ ಏನಾದರೂ ಗೊತ್ತಾಯಿತೇ ಎಂದು ದೊಡ್ಡಪ್ಪನನ್ನು ಕೇಳಿದೆ. ಅವರು ಬಾಯಲ್ಲಿ ಮಿರ್ಚಿ ಇದೆ ಎಂದು ಕೈಸನ್ನೆ ಮಾಡಿದರು.

ಕೊನೆಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ ಬಂತು. ಮತ್ತೆ ಅವರಿಬ್ಬರೇ! ಈ ಸಲ ಪಾಟೀಲರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ಅಳಿಯ ಅಲ್ಲ, ಮಗಳ ಗಂಡ. ಪಾಪ ಅನಿಸಿದ್ದು ಕಾರ್ಯಕರ್ತರನ್ನು ನೋಡಿ. ಮೂರು ವರ್ಷದ ಹಿಂದೆ ಯಾರನ್ನು ಬೈದಿದ್ದರೋ ಅವರಿಗೇ ಜೈಕಾರ ಹಾಕಬೇಕು. ಭಾಷಣ ಹೊಸದಾಗಿ ಬರೆಯುವ ಕಷ್ಟ ಮಾತ್ರ ಇರಲಿಲ್ಲ. ಎದುರು ಪಕ್ಷದವರ ಹಳೇ ಭಾಷಣ ಇಸ್ಕೊಂಡರೆ ಸಾಕಿತ್ತು.

ಇದನ್ನೆಲ್ಲ ತಡೆಯಲು ಕಾನೂನು ಇಲ್ಲವೇ? ಇದೆ, 1985ರಿಂದ ಇದೆ. ಮೊದಲು ಅದು ಹೀಗಿತ್ತು: ಒಬ್ಬ ಜಿಗಿದರೆ ಪಕ್ಷಾಂತರ, ಮೂರನೇ ಒಂದು ಭಾಗ ಜಿಗಿದರೆ ವಿಭಜನೆ. ಬಸ್ಸಿನಲ್ಲಿ ಒಬ್ಬ ಟಿಕೆಟ್ ಇಲ್ಲದೆ ಕೂತರೆ ದಂಡ, ಮೂರನೇ ಒಂದು ಭಾಗ ಕೂತರೆ ಅದು ಮದುವೆ ದಿಬ್ಬಣ! 2003ರಲ್ಲಿ ಆ ಕಿಂಡಿ ಮುಚ್ಚಿದರು. ಈಗ ಮೂರನೇ ಎರಡು ಭಾಗ ಇದ್ದರೆ ವಿಲೀನ ಎನ್ನಬಹುದು. ಅಷ್ಟು ಜನ ಸಿಗದಿದ್ದರೆ ರಾಜೀನಾಮೆ ಕೊಟ್ಟು ಬಂದು ಹೊಸ ಶಾಲು ಹೊದ್ದುಕೊಳ್ಳಬಹುದು. ಮತದಾರ ಗಂಡೋ ಹೆಣ್ಣೋ ಎಂದು ತಿದ್ದಲು ಅಷ್ಟೊಂದು ಕಾಗದ ಬೇಕು. ಶಾಸಕ ಯಾವ ಪಕ್ಷ ಎಂದು ತಿದ್ದಲು ಎರಡು ಮೀಟರ್ ಬಟ್ಟೆ ಸಾಕು.

ತಿದ್ದುವುದೇ ಗೊತ್ತಿಲ್ಲದ ದೇಶವೇನೂ ನಮ್ಮದಲ್ಲ. 'ಆಂತರಿಕ ಗಲಭೆ' ಎಂಬ ಎರಡೇ ಪದದ ಮೇಲೆ 1975ರಲ್ಲಿ ತುರ್ತು ಪರಿಸ್ಥಿತಿ ಬಂತು. 1977ರ ಲೋಕಸಭೆ ಚುನಾವಣೆಯಲ್ಲಿ ಜನ ಸರ್ಕಾರವನ್ನೇ ಇಳಿಸಿದರು. ಮರುವರ್ಷ ಸಂವಿಧಾನದ 44ನೇ ತಿದ್ದುಪಡಿ ಆ ಪದಗಳನ್ನು ಕಿತ್ತು 'ಸಶಸ್ತ್ರ ದಂಗೆ' ಎಂದು ಹಾಕಿತು. ಸುಮ್ನೆ ಹೆಮ್ಮೆ ಪಡುವ ಮುಂಚೆ ಇದೂ ಗೊತ್ತಿರಲಿ: ಆ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತ್ತು. "ಉತ್ತರದವರು ತಿದ್ದಾಕ ಹತ್ತಿದ್ರು. ನಾವು ಹೆಂಗ ತಿದ್ದತಾರ ನೋಡೋಣಂತ ಕುಂತಿದ್ವಿ" ಎನ್ನುತ್ತಾರೆ ದೊಡ್ಡಪ್ಪ.

ತಪ್ಪು ಒಪ್ಪಿಕೊಳ್ಳುವುದಕ್ಕೂ ಮಸ್ಕಿಗೂ ಹಳೆಯ ನಂಟಿದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಅಲ್ಲಿ ಅಶೋಕನ ಶಾಸನ ಸಿಕ್ಕಿತು. ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮನಸ್ಸಿಟ್ಟು ದುಡಿಯಲು ಶುರುಮಾಡಿ ಒಂದು ವರ್ಷದ ಮೇಲಾಯಿತು ಎಂದು ಅದರಲ್ಲಿ ರಾಜನೇ ಹೇಳಿಕೊಳ್ಳುತ್ತಾನೆ. ಲೆಕ್ಕ ಹಾಕಿ ನೋಡಿ. ಮೊದಲ ವರ್ಷ ಏನೂ ಮಾಡಲಿಲ್ಲ ಎಂದು ಕಲ್ಲಿನ ಮೇಲೆ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಇಂಥ ಸಾಲು ಯಾವ ಶಾಸಕರ ಸಾಧನೆಯ ಕಿರುಹೊತ್ತಿಗೆಯಲ್ಲೂ ನಾನು ಕಂಡಿಲ್ಲ. ಹಾಗಂತ ಅಶೋಕನೇನೂ ರಾಜಕೀಯ ಗೊತ್ತಿಲ್ಲದವನಲ್ಲ. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಬೇರೆ ಕಡೆ ಕೆತ್ತಿಸಿದ. ಕಳಿಂಗದ ಬಂಡೆಗಳ ಮೇಲೆ ಮಾತ್ರ ಅದನ್ನು ಕೆತ್ತಿಸಲಿಲ್ಲ!

ಉಪಚುನಾವಣೆಯ ಕಥೆಗೆ ಬರೋಣ. ಆಗ ಮಸ್ಕಿ ಕ್ಷೇತ್ರದ ಪಾಮನಕಲ್ಲೂರಿನಲ್ಲಿ ನೀರಾವರಿಗೆ 5ಎ ಕಾಲುವೆ ಬೇಕೆಂದು ರೈತರು ಧರಣಿ ಕೂತಿದ್ದರು. ಅತ್ತ ಹೊಸಪೇಟೆಯಲ್ಲಿ ಹೀಗೆಯೇ ರಾಜೀನಾಮೆ ಕೊಟ್ಟ ಆನಂದ್ ಸಿಂಗ್ ಮತ್ತೆ ಗೆದ್ದು, ಬಳ್ಳಾರಿಯಿಂದ ವಿಜಯನಗರ ಎಂಬ ಜಿಲ್ಲೆಯೇ ಹೊಸದಾಗಿ ಹುಟ್ಟಿತ್ತು. ಅಲ್ಲಿ ಜಿಲ್ಲೆ ಸಿಕ್ಕಿತು, ಇಲ್ಲಿ ಕಾಲುವೆಯೂ ಇಲ್ಲ. ಮೇ 2ರಂದು ಮತ ಎಣಿಸಿದಾಗ 213ರಿಂದ ಸೋತಿದ್ದ ತುರ್ವಿಹಾಳರು 30 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದಿದ್ದರು.

"ಅಂತೂ ತಪ್ಪು ತಿದ್ದಿದ್ರಿ ದೊಡ್ಡಪ್ಪಾ" ಎಂದೆ.

"ನಾವು ತಿದ್ದೀವಿ ಖರೆ. ಯಾವುದು ತಪ್ಪಂತ ಅವರಿಗೆ ತಿಳಿದಂಗಿಲ್ಲ."

ತಿಳಿದಿರಲಿಲ್ಲ. 2023ರಲ್ಲೂ ಎರಡೂ ಪಕ್ಷಗಳು ಅವೇ ಎರಡು ಹೆಸರು ತಂದವು. ಜನ ಮತ್ತೆ ತುರ್ವಿಹಾಳರನ್ನೇ ಗೆಲ್ಲಿಸಿದರು.

ಆಮೇಲಿನ ಜನವರಿ 25ಕ್ಕೆ ದೊಡ್ಡಪ್ಪನಿಗೆ ಕರೆ ಬಂತು. ಅದು ರಾಷ್ಟ್ರೀಯ ಮತದಾರರ ದಿನ. 18 ತುಂಬಿದ ಯುವ ಮತದಾರರಿಗೆ ಬ್ಯಾಡ್ಜ್ ಕೊಟ್ಟು ಸನ್ಮಾನ. ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಬ್ಯಾಡವೆಂದರೂ ಕೇಳದೆ ಧೋತರ ಉಟ್ಟು, ಕೋಲು ಹಿಡಿದು ಹೊರಟರು. ವೇದಿಕೆಯಲ್ಲಿ ಅಧಿಕಾರಿಗಳು ಒಮ್ಮೆ ಪಟ್ಟಿ ನೋಡಿದರು, ಒಮ್ಮೆ ಮೀಸೆ ನೋಡಿದರು. ಪಟ್ಟಿಯೇ ಸರಿ ಎಂದುಕೊಂಡರೋ ಏನೋ, ಬ್ಯಾಡ್ಜ್ ಚುಚ್ಚಿದರು. ಆಮೇಲೆ ಶಾಲು ಬಿಚ್ಚಿ ಮುಂದೆ ಬಂದರು.

ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ತಡೀರಿ ಸಾಹೇಬ್ರ, ಮೊದಲು ಬಣ್ಣ ನೋಡತೀನಿ."