ಹಳೇ ಜೀಪು ರೆಡಿಯಾಯ್ತು, ಎಲ್ಲಿಗೂ ಹೋಗಲ್ಲ, ಇಲ್ಲೇ ಓಡುತ್ತೆ

ಕೊನೆಗೂ ಮುಗೀತು ಮಾರಾಯ್ರೇ. ಅಜ್ಜ ಓಡಿಸ್ತಿದ್ದ 1967ರ ಮಾಡೆಲ್ ಮಹೀಂದ್ರ ವಿಲ್ಲೀಸ್ ಜೀಪು, ಸಿಜೆ-3ಬಿ, ಪೆಟ್ರೋಲ್ ಇಂಜಿನ್, ಮನೆ ಹಿಂದಿನ ಶೆಡ್ಡಲ್ಲೇ ಪೂರ್ತಿ ಬಿಚ್ಚಿ ಅಲ್ಲೇ ಪೂರ್ತಿ ಜೋಡಿಸಿದ್ದು. 2020ರ ಲಾಕ್‌ಡೌನ್ ಟೈಮಲ್ಲಿ ಶುರುವಾದ ಕೆಲಸ, ಈ ಸಲ ಕಾಫಿ ಕುಯ್ಲು ಮುಗಿಯೋ ಹೊತ್ತಿಗೆ ಪೇಂಟೂ ಆಯ್ತು, ಪೇಪರೂ ಆಯ್ತು. ಫೋಟೋ ಹಾಕಿದ್ಮೇಲೆ ಬಂದಿದ್ದು ಎರಡೇ ತರದ ಮೆಸೇಜು. ಒಂದು, "ಎಷ್ಟಕ್ಕೆ ಕೊಡ್ತೀರಾ ಸರ್". ಇನ್ನೊಂದು, "ಇಷ್ಟೆಲ್ಲ ಮಾಡಿ ಆ ಪೆಟ್ರೋಲ್ ಇಂಜಿನ್ ಯಾಕೆ ಉಳಿಸ್ಕೊಂಡ್ರಿ, ಡೀಸೆಲ್ ಕೂರಿಸಿ ಪವರ್ ಸ್ಟೇರಿಂಗ್ ಹಾಕಿಸ್ಬೋದಿತ್ತಲ್ಲ". ಒಬ್ಬೊಬ್ರಿಗೇ ಉತ್ತರ ಕೊಡೋ ಬದ್ಲು ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ಮಾರೋ ವಿಷ್ಯ. ಕೊಡಲ್ಲ. ದುಡ್ಡಿನ ಪ್ರಶ್ನೆ ಅಲ್ಲ ಇದು. ನಮ್ಮ ಕೊಡಗಿನ ಸೋಮವಾರಪೇಟೆ ಶಾಂತಳ್ಳಿ ಕಡೆ ಯಾವ ಹಳೇ ತೋಟದ ಮನೆಗೆ ಹೋದ್ರೂ ಒಂದು ಕಾಲದಲ್ಲಿ ಶೆಡ್ಡಲ್ಲಿ ಒಂದು ಜೀಪ್ ಇರ್ತಿತ್ತು. ಮಹೀಂದ್ರದವರು ಬೊಂಬಾಯಲ್ಲಿ ವಿಲ್ಲೀಸ್ ಜೀಪ್ ಜೋಡಿಸೋಕೆ ಶುರು ಮಾಡಿದ್ದು 1940ರ ದಶಕದ ಕೊನೆಗೆ, ಆಮೇಲೆ ಬಂದ ಜೀಪುಗಳನ್ನ ನಮ್ಮ ಮಲೆನಾಡಿನ ಜನ ಬಳಸಿದಷ್ಟು ಇನ್ಯಾರು ಬಳಸಿದ್ರೋ ನಂಗೆ ಅನುಮಾನ. ಕಣದಿಂದ ಕಾಫಿ ಚೀಲ ಹೊತ್ತಿದ್ದು ಅದೇ, ಲೈನ್ ಮನೆಯಿಂದ (ತೋಟದ ಕೆಲಸದೋರ ಸಾಲು ಮನೆ) ಹೆರಿಗೆಗೆ ಹೆಣ್ಮಕ್ಕಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಅದೇ, ಮದುವೆ ದಿಬ್ಬಣಕ್ಕೆ ಅದೇ, ಯಾರಾದ್ರೂ ತೀರ್ಕೊಂಡ್ರೆ ಹೆಣ ತರೋಕೂ ಅದೇ. 2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿ ರಸ್ತೆನೇ ಇಲ್ಲದಂಗೆ ಆದಾಗ ಜನರನ್ನ ಹೊರಗೆ ತರೋಕೆ ಜೀಪ್ ಇಟ್ಕೊಂಡಿದ್ದ ಹುಡುಗ್ರು ಏನೆಲ್ಲ ಮಾಡಿದ್ರು ಅಂತ ಆ ಕಡೆಯೋರನ್ನ ಕೇಳಿ ನೋಡಿ. ಇಂಥ ಗಾಡಿಗಳು ಈಗ ಒಂದೊಂದೇ ಜಿಲ್ಲೆ ಬಿಟ್ಟು ಹೋಗ್ತಿವೆ. ಬ್ರೋಕರ್ ಬರ್ತಾನೆ, ಶೆಡ್ಡಲ್ಲಿ ಕೋಳಿ ಕೂತಿರೋ ಜೀಪ್ ನೋಡ್ತಾನೆ, ಗುಜರಿ ರೇಟಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು ಲಾರಿಗೆ ಹತ್ತಿಸ್ತಾನೆ. ಆಮೇಲೆ ಅದು ದಪ್ಪ ಟೈರು, ಮುಂದೆ ಸಾಲು ಲೈಟು, ಹಿಂದೆ ದೊಡ್ಡ ಸ್ಪೀಕರ್ ಹಾಕ್ಕೊಂಡು ಯಾವುದೋ ಊರಲ್ಲಿ ತಿರುಗುತ್ತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ, ನಿಜ ಹೇಳ್ತೀನಿ.

ಇನ್ನು ಇಂಜಿನ್ ವಿಷ್ಯ, ಇದನ್ನ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಡೀಸೆಲ್ ಹಾಕ್ಸಿ ಅನ್ನೋರು ಎಲ್ಲ ನಮ್ಮೋರೇ, ಕೆಟ್ಟದ್ದಕ್ಕೆ ಹೇಳ್ತಿಲ್ಲ. ಈ ಜೀಪಿನ ಬಾನೆಟ್ ಯಾಕೆ ಅಷ್ಟು ಎತ್ತರ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ? ಯುದ್ಧದ ಕಾಲದ ಜೀಪಿಗೆ ಬಾನೆಟ್ ತಗ್ಗಾಗಿತ್ತು, ಅದರ ಇಂಜಿನ್ನಲ್ಲಿ ವಾಲ್ವ್ ಎಲ್ಲ ಬ್ಲಾಕಲ್ಲೇ ಇತ್ತು. ಆಮೇಲೆ ವಿಲ್ಲೀಸ್‌ನೋರು ಹರಿಕೇನ್ ಅಂತ ಹೊಸ ಇಂಜಿನ್ ತಂದ್ರು, 134 ಕ್ಯೂಬಿಕ್ ಇಂಚು, ಅಂದ್ರೆ ನಮ್ಮ ಲೆಕ್ಕದಲ್ಲಿ 2.2 ಲೀಟರ್, ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಲ್ಲಿ, ಎಗ್ಸಾಸ್ಟ್ ವಾಲ್ವ್ ಮಾತ್ರ ಕೆಳಗೆ ಬ್ಲಾಕಲ್ಲಿ. ಇಂಜಿನ್ ಎತ್ತರ ಆಯ್ತು, ಹಳೇ ಬಾನೆಟ್ ಒಳಗೆ ಕೂರ್ಲಿಲ್ಲ, ಅದಕ್ಕೇ 1953ರಲ್ಲಿ ಬಾನೆಟ್ಟನ್ನೇ ಎತ್ತರಿಸಿ ಸಿಜೆ-3ಬಿ ಅಂತ ಬಿಟ್ರು. ಅಂದ್ರೆ ನಾವೆಲ್ಲ ಚಿಕ್ಕಂದಿನಿಂದ ನೋಡಿದ ಆ ಜೀಪಿನ ಮುಖ ಏನುಂಟು, ಅದು ಹಂಗಿರೋದೇ ಈ ಇಂಜಿನ್ ದೆಸೆಯಿಂದ. ಇಂಜಿನ್ ಕಿತ್ತು ಬಿಸಾಕಿದ್ರೆ ಆ ಮುಖಕ್ಕೆ ಏನು ಅರ್ಥ ಉಳೀತು ಹೇಳಿ.

ಪೆಟ್ರೋಲ್ ರೇಟ್ ಏರಿದ ಕಾಲದಲ್ಲಿ ಡೀಸೆಲ್ ಹಾಕಿಸ್ಕೊಂಡೋರನ್ನ ನಾನು ಬೈಯಲ್ಲ. ಅವತ್ತು ಅವರಿಗೆ ಗಾಡಿ ಓಡಿಸೋದು ಮುಖ್ಯ ಇತ್ತು, ಮನೆ ನಡೀಬೇಕಿತ್ತು. ಆದ್ರೆ ಇವತ್ತು ಒರಿಜಿನಲ್ ಇಂಜಿನ್ ಸಮೇತ ಸಿಕ್ಕಿರೋ ಗಾಡಿಗೆ, ಬರೀ ಮೈಲೇಜ್ ನೆಪ ಹೇಳಿ ಡೀಸೆಲ್ ಇಡೋದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಭಾರದ ಇಂಜಿನ್ ಕೂತ್ರೆ ಮುಂದಿನ ಪಟ್ಟಾ, ಅಂದ್ರೆ ಸ್ಪ್ರಿಂಗ್ ಪಟ್ಟಿ, ಕುಸಿಯುತ್ತೆ, ವೈಬ್ರೇಷನ್ನಿಗೆ ಬಾಡಿ ಬೋಲ್ಟ್ ಎಲ್ಲ ಸಡಿಲ ಆಗುತ್ತೆ, ಮೇಲಾಗಿ ಕಂಪನಿ ಕೊಟ್ಟಿದ್ದನ್ನ ನಿಮ್ಮಿಷ್ಟದಂತೆ ಬದಲಾಯಿಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪೆಟ್ರೋಲ್ ಕುಡಿಯುತ್ತೆ, ಹೌದು. ಆದ್ರೆ ಈ ಇಂಜಿನ್ ಲೋ ಗೇರಲ್ಲಿ ಏರು ಹತ್ತೋ ರೀತಿ, ಆಕ್ಸಿಲೇಟರ್ ತುಳೀದೇ ತಾನಾಗೇ ಉಸಿರು ಹಿಡ್ಕೊಂಡು ಹತ್ತುತ್ತಲ್ಲ, ಅದನ್ನ ಒಂದು ಸಲ ಕೂತು ನೋಡಿದೋರು ಆಮೇಲೆ ಡೀಸೆಲ್ ಮಾತೇ ಎತ್ತಲ್ಲ. ಗೇರು ಬರೀ ಮೂರು. ಫಸ್ಟ್ ಗೇರಿಗೆ ಸಿಂಕ್ರೊ, ಅಂದ್ರೆ ಗೇರ್ ಚಕ್ರಗಳ ವೇಗ ತಾನಾಗೇ ಹೊಂದಿಸೋ ವ್ಯವಸ್ಥೆ, ಇಲ್ಲ, ಏರಲ್ಲಿ ಓಡ್ತಿರುವಾಗ ಫಸ್ಟಿಗೆ ಹಾಕ್ಬೇಕಂದ್ರೆ ಎರಡು ಸಲ ಕ್ಲಚ್ ತುಳಿದು ಡಬಲ್ ಕ್ಲಚ್ ಕೊಡ್ಬೇಕು, ಇಲ್ದಿದ್ರೆ ಗರಗರ ಅಂತ ಕೂಗುತ್ತೆ. ಪಕ್ಕದಲ್ಲಿ ಎರಡು ಸಣ್ಣ ಲಿವರ್, ಒಂದು ಫೋರ್ ವೀಲಿಗೆ, ಒಂದು ಹೈ-ಲೋಗೆ. ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹಿಡಿಯಲ್ಲ, ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಡ್ರಮ್ಮಿಗೆ ಹಿಡಿಯೋದು. ನನ್ನ ಮಗಳು ಇದೆಲ್ಲ ಕಲ್ತಿದಾಳೆ, ಪವರ್ ಸ್ಟೇರಿಂಗ್ ಬೇಕು ಅಂತ ಅವಳು ಒಂದು ದಿನ ಹೇಳಿಲ್ಲ.

ಯಾಕೆ ಇಷ್ಟು ವರ್ಷ ಹಿಡೀತು ಅಂತ ಬೆಂಗಳೂರಿನ ಫ್ರೆಂಡ್ಸ್ ಕೇಳ್ತಾರೆ. ಕೊಡಗಲ್ಲಿ ಗಾಡಿ ರಿಪೇರಿ ಅಂದ್ರೆ ಮಳೆ ಜೊತೆ ಕುಸ್ತಿ. ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತೆ, ಶಾಂತಳ್ಳಿ ಕಡೆ ಮಳೆ ಹೆಂಗಿರುತ್ತೆ ಅಂತ ಇಲ್ಲಿಯೋರಿಗೆ ಹೇಳೋದೇ ಬೇಡ. ಪೇಂಟ್ ಕೆರೆದು ತಗಡು ಬೆಳ್ಳಗೆ ಮಾಡಿ ರಾತ್ರಿ ಹಂಗೇ ಬಿಟ್ರೆ ಬೆಳಿಗ್ಗೆ ಕೆಂಪು ತುಕ್ಕು ಹಿಡಿದಿರುತ್ತೆ, ಅದಕ್ಕೆ ಕೆರೆದ ದಿನವೇ ಪ್ರೈಮರ್ ಹೊಡೀಲೇಬೇಕು, ಎಷ್ಟು ಹೊಡೆಯೋಕಾಗುತ್ತೋ ಅಷ್ಟೇ ಕೆರೀಬೇಕು. ಟಾಪ್ ಕೋಟ್, ಅಂದ್ರೆ ಮೇಲಿನ ಕೊನೇ ಬಣ್ಣ, ಅಂತೂ ಮಳೆಗಾಲದಲ್ಲಿ ಆಗೋ ಮಾತೇ ಅಲ್ಲ. ಎನ್‌ಸಿ ಪೇಂಟಲ್ಲಿ (ನೈಟ್ರೋಸೆಲ್ಯುಲೋಸ್ ಪೇಂಟು) ಥಿನ್ನರ್ ಬೇಗ ಆರುತ್ತೆ, ಆರುವಾಗ ತಗಡು ತಣ್ಣಗಾಗುತ್ತೆ, ಗಾಳಿಲಿರೋ ತೇವ ಬಂದು ಅದರ ಮೇಲೆ ಕೂತ್ಕೊಳುತ್ತೆ, ಪೇಂಟ್ ಬೂದಿ ಹಿಡಿದಂಗೆ ಬೆಳ್ಳಗಾಗುತ್ತೆ. ಹಾಗಾಗಿ ನಮಗೆ ಸಿಗೋದು ಡಿಸೆಂಬರ್ ಕೊನೆಯಿಂದ ಕಾಫಿ ಹೂ ಅರಳಿಸೋ ಹೂಮಳೆ ಬೀಳೋ ತನಕ, ಅದರಲ್ಲೂ ಬೆಳಗಿನ ಮಂಜು ಕರಗಿ ಬಿಸ್ಲು ಏರಿದ್ಮೇಲಿಂದ ಮಧ್ಯಾಹ್ನ ಮೂರರ ತನಕ. ಆ ದಿನಗಳಲ್ಲೇ ಕಾಫಿ ಕುಯ್ಲು! ತೋಟದಲ್ಲಿ ಕೆಲಸದೋರ ಹಿಂದೆ ಇರ್ಬೇಕೋ, ಕಣದಲ್ಲಿ ಕಾಫಿ ಹರಡ್ಬೇಕೋ, ಸ್ಪ್ರೇ ಗನ್ ಹಿಡೀಬೇಕೋ. ಕಾಫಿ ಬಿಡೋಕಾಗಲ್ಲ. ಹಂಗಾಗಿ ಒಂದು ವರ್ಷ ಬಾಗಿಲಿನ ಕಡೆ, ಇನ್ನೊಂದು ವರ್ಷ ಮಡ್‌ಗಾರ್ಡು, ಹಿಂಗೇ ಹೋಯ್ತು.

ತಗಡಿನ ಕೆಲಸ ಮಾಡಿದ್ದು ನಮ್ಮೂರ ಟಿಂಕರ್ ಕಾಕ. ವಯಸ್ಸು ಎಪ್ಪತ್ತು ದಾಟಿದೆ, ಹೆಸರು ಹಾಕೋದು ಬೇಡ ಅಂದ್ರು, ಹಾಕಲ್ಲ. ಫ್ಲೋರ್ ಪೂರ್ತಿ ಹೋಗಿತ್ತು. ಅದರ ಅಡಿಯಲ್ಲಿ ಅಡ್ಡಕ್ಕೆ ಬರೋ ಚಾನಲ್ ಒಳಗೆ ವರ್ಷಾನುಗಟ್ಟಲೆ ಕೆಸರು ಸೇರ್ಕೊಂಡು ಒಳಗಿಂದಲೇ ತಿಂದಿತ್ತು, ಹೊರಗಿಂದ ನೋಡಿದ್ರೆ ಗಟ್ಟಿ ಇದೆ ಅನ್ಸೋದು, ಸುತ್ತಿಗೆ ತಾಗಿಸಿದ್ರೆ ಪುಡಿ. ಬೇರೆ ಕಡೆ ತೋರಿಸ್ದಾಗ ಮೇಲೊಂದು ಪ್ಯಾಚ್ ಹಾಕಿ ಪುಟ್ಟಿ ಬಳಿದು ಕೊಡ್ತೀವಿ, ಗೊತ್ತೇ ಆಗಲ್ಲ ಅಂದಿದ್ರು. ಕಾಕ ನೋಡಿದ್ದೇ, "ಪುಟ್ಟಿ ಹಾಕಿದ್ರೆ ಎರಡು ಮಳೆಗಾಲ ಬರುತ್ತೆ, ತಗಡು ಹಾಕಿದ್ರೆ ನಿಮ್ಮ ಮಗಳ ಕಾಲಕ್ಕೂ ಬರುತ್ತೆ, ಯಾವುದು ಬೇಕು ಹೇಳಿ" ಅಂದ್ರು. 18 ಗೇಜ್ ಶೀಟ್ ತಂದು, ಮೊದ್ಲು ರಟ್ಟಲ್ಲಿ ಅಳತೆ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡು ಕತ್ತರಿಸಿ, ಮಡಿಸಿ, ಸ್ವಲ್ಪ ಸ್ವಲ್ಪ ಬಿಟ್ಟು ಬಿಟ್ಟು ಟ್ಯಾಕ್ ಹೊಡೆದು ವೆಲ್ಡಿಂಗ್ ಮಾಡಿದ್ರು, ಒಂದೇ ಏಟಿಗೆ ಉದ್ದಕ್ಕೆ ಹೊಡೆದ್ರೆ ಬಿಸಿಗೆ ಶೀಟ್ ಸೊಟ್ಟ ಆಗುತ್ತಂತೆ. ಅವರ ಕೈ ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ. ಎಡಗೈಲಿ ಡಾಲಿ ಅನ್ನೋ ಕಬ್ಬಿಣದ ಗಟ್ಟಿ ಒಳಗಡೆ ಒತ್ತಿ ಹಿಡ್ಕೊಂಡು ಬಲಗೈಲಿ ಮೇಲಿಂದ ಸಣ್ಣ ಸಣ್ಣ ಏಟು, ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಅಂಗೈ ಸವರಿ ಎಲ್ಲಿ ಉಬ್ಬು ಎಲ್ಲಿ ತಗ್ಗು ಅಂತ ನೋಡೋದು. ಅವರ ಹತ್ರ ಈ ಕೆಲಸ ಕಲಿಯೋಕೆ ಈಗ ಒಬ್ಬ ಹುಡುಗನೂ ಇಲ್ಲ. ನನಗೆ ಜಾಸ್ತಿ ಚಿಂತೆ ಇರೋದು ಇದೇ. ಜೀಪ್ ಉಳಿಸೋದು ಅಂದ್ರೆ ಕಬ್ಬಿಣ ಉಳಿಸೋದಲ್ಲ, ಇಂಥ ಕೈಗಳಿಗೆ ಕೆಲಸ ಇರಬೇಕು. ಕುಶಾಲನಗರದ ಲೇತ್ ಅಂಗಡಿಲಿ ಮುಂದಿನ ಚಕ್ರ ತಿರುಗಿಸೋ ಜಾಗದ ಕಿಂಗ್‌ಪಿನ್ ಬುಶ್ ಕಡೆದು ಕೊಟ್ರಲ್ಲ ಅವರು, ಕ್ಯಾನ್ವಾಸ್ ಹುಡ್ ಹೊಲಿದ ಟೈಲರ್ರು, ಕಾರ್ಬೊರೇಟರ್ ಕಿವಿಯಲ್ಲೇ ಟ್ಯೂನ್ ಮಾಡಿದ ಮೆಕ್ಯಾನಿಕ್ ಅಣ್ಣ. ಎಲ್ಲ ಗಾಡಿನೂ ಹೊರಗೆ ಹೋದ್ರೆ ಇವರೆಲ್ಲ ಯಾವ ಗಾಡಿ ಮೇಲೆ ಕೈ ಇಡ್ಬೇಕು?

ಒಂದೊಂದು ಸಾಮಾನಿಗೆ ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಎಲ್ಲ ಅಲೆದಿದ್ದಾಯ್ತು. ಸಿಗುತ್ತೆ, ತಾಳ್ಮೆ ಇದ್ರೆ ಜೀಪಿಗೆ ಸಿಗದೇ ಇರೋ ಸಾಮಾನಿಲ್ಲ.

ಇನ್ನೊಂದು ವಿಷ್ಯ, ಹಳೇ ಪೆಟ್ರೋಲ್ ಗಾಡಿ ಇರೋರೆಲ್ಲ ಗಮನ ಕೊಡಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತೆ. ಅದು ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಎಲ್ಲ ಉಬ್ಬಿಸಿ ಹಾಳು ಮಾಡುತ್ತೆ. ಅದಕ್ಕಿಂತ ಮುಖ್ಯವಾಗಿ ಎಥನಾಲ್ ಗಾಳಿಲಿರೋ ನೀರನ್ನ ಎಳ್ಕೊಳುತ್ತೆ, ಮಿತಿ ಮೀರಿದ್ರೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ನಮ್ಮ ಮಳೆಗಾಲದ ಗಾಳಿಗೆ ಇದು ಬೇಗ ಆಗುತ್ತೆ. ನಾನು ಪೈಪೆಲ್ಲ ಎಥನಾಲ್ ತಡೆಯೋ ಜಾತಿದು ಹಾಕಿದೀನಿ, ಡಯಾಫ್ರಮ್ ಹೊಸದು. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಸೋದಾದ್ರೆ ಟ್ಯಾಂಕ್ ಖಾಲಿ ಮಾಡಿಬಿಡಿ. ಗಾಡಿ ಮೇಲೆ ಟಾರ್ಪಾಲ್ ಬಿಗಿಯಾಗಿ ಸುತ್ತಿ ಇಡಬೇಡಿ, ತೇವ ಒಳಗೇ ಕೂತ್ಕೊಂಡು ಹೊರಗಡೆ ನಿಲ್ಸಿದ್ದಕ್ಕಿಂತ ಜಾಸ್ತಿ ತುಕ್ಕು ಹಿಡಿಯುತ್ತೆ, ಗಾಳಿ ಆಡಲಿ.

ಪೇಪರ್ ಕಥೆ. ಆರ್‌ಸಿ ಅಜ್ಜನ ಹೆಸರಲ್ಲಿ ಇತ್ತು. ವಾರಸುದಾರರ ಹೆಸರಿಗೆ ಫಾರಂ 31, ರಿನ್ಯೂವಲ್ಲಿಗೆ ಫಾರಂ 25, ಇನ್ಸ್‌ಪೆಕ್ಷನ್ನು, ಗ್ರೀನ್ ಟ್ಯಾಕ್ಸು, ಎಲ್ಲ ಕ್ರಮವಾಗಿ ಮಾಡಿದ್ರೆ ಆಗುತ್ತೆ, ಹೆದರ್ಬೇಡಿ. ವಿಂಟೇಜ್ ಅಂತ ಮಾಡಿಸ್ಬೋದಿತ್ತಲ್ಲ ಅಂತ ಕೆಲವರು ಕೇಳಿದ್ರು. 2021ರಲ್ಲಿ ಕೇಂದ್ರ ಸರ್ಕಾರ ರೂಲ್ ತಂದಿದೆ, 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್, ಹೊಸದಾಗಿ ಮಾಡ್ಸೋಕೆ 20,000 ರೂಪಾಯಿ, 10 ವರ್ಷ ನಡೆಯುತ್ತೆ. ಮೂಲ ಸ್ವರೂಪ ಬದಲಾಯಿಸಿರಬಾರ್ದು ಅಂತ ಅದ್ರಲ್ಲಿ ಇರೋದು ನಂಗೆ ತುಂಬ ಇಷ್ಟ ಆಯ್ತು. ಆದ್ರೆ ಆ ಗಾಡಿನ ದಿನಾ ರಸ್ತೆಲಿ ಓಡ್ಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕ್ಸೋಕೆ, ಇಂಥದ್ದಕ್ಕೆ ಮಾತ್ರ. ರಾಜಮಹಾರಾಜರ ಕಾರಿಗೆ ಅದು ಸರಿ. ಧರ್ಮಸ್ಥಳದ ಕಾರ್ ಮ್ಯೂಸಿಯಂ ನಾನೂ ನೋಡಿದೀನಿ, ಅಲ್ಲಿರೋ ಕಾರುಗಳು ಅಲ್ಲಿರೋದೇ ಚಂದ. ಜೀಪ್ ಹಂಗಲ್ಲ, ಅದು ಕೆಲಸದ ಗಾಡಿ. ತೋಟಕ್ಕೆ ಹೋಗಿ ಗೊಬ್ಬರ ಇಳಿಸಿ ಬರಬೇಕು. ಅದಕ್ಕೇ ಮಾಮೂಲಿ ರಿನ್ಯೂವಲ್ಲೇ ಮಾಡಿಸ್ದೆ, ಐದೈದು ವರ್ಷಕ್ಕೆ ತೋರಿಸ್ತೀನಿ, ತೊಂದ್ರೆ ಇಲ್ಲ. ಬೆಟ್ಟದ ಜಿಲ್ಲೆಗಳಲ್ಲಿ ಮೂಲ ಸ್ಥಿತಿಯಲ್ಲೇ ಉಳಿಸ್ಕೊಂಡು ಕೆಲಸಕ್ಕೂ ಬಳಸೋ ಗಾಡಿಗಳಿಗೆ ಬೇರೆ ಒಂದು ದಾರಿ ಸರ್ಕಾರ ಮಾಡ್ಬೇಕು, ಇದನ್ನ ಬರೆದು ಕೊಡೋಣ ಅನ್ನೋರಿದ್ರೆ ನಾನು ಸಹಿ ಹಾಕೋಕೆ ರೆಡಿ.

ಅಪ್ಪ ಒಂದು ಮಾತು ಹೇಳಿದ್ರು, ಹಿಂದಿನ ಬಂಪರ್ ಹತ್ರ ಬಾಡಿಲಿ ಇರೋ ಆ ತಗ್ಗು ತೆಗೀಬೇಡಿ ಅಂತ. ಅಜ್ಜ ಹಿಂದೆ ತಗೊಳ್ಳುವಾಗ ಕಣದ ಕಲ್ಲಿನ ಗೋಡೆಗೆ ತಾಗ್ಸಿದ್ದು. ಕಾಕನೂ ಹ್ಞೂಂ ಅಂದ್ರು. ತುಕ್ಕು ತೆಗೆದು ಪ್ರೈಮರ್ ಹೊಡೆದು ತಗ್ಗು ಹಂಗೇ ಇಟ್ಟಿದೀವಿ. ಫೋಟೋ ನೋಡಿ "ಅಲ್ಲಿ ಪಾಲಿಶ್ ಸರಿ ಬಂದಿಲ್ಲ" ಅಂದೋರಿಗೆ ಇದೇ ಉತ್ತರ.

ಈಗ ಕೊನೆಗೆ ಒಂದು ಕೆಲಸದ ಮಾತು. ಕಾಕ ಕತ್ತರಿಸಿದ ರಟ್ಟಿನ ಅಳತೆಗಳೆಲ್ಲ ನನ್ನ ಹತ್ರ ಜೋಪಾನವಾಗಿ ಇವೆ, ಫ್ಲೋರ್, ಸೀಟಿನ ಕೆಳಗಿನ ಬಾಕ್ಸು, ಟೂಲ್ ಬಾಕ್ಸ್ ಮುಚ್ಚಳ, ಹಿಂದಿನ ಚಕ್ರದ ಮೇಲಿನ ಬಾಕ್ಸು, ಎಲ್ಲದಕ್ಕೂ ನಂಬರ್ ಬರೆದಿಟ್ಟಿದೀನಿ. ಕೊಡಗು, ಸಕಲೇಶಪುರ ಕಡೆ ಯಾರ ಮನೇಲಾದ್ರೂ ಈ 3ಬಿ ಜೀಪ್ ನಿಂತಿದ್ರೆ, ಮಾರೋ ಯೋಚ್ನೆ ಮಾಡೋಕೆ ಮುಂಚೆ ಒಂದು ಸಲ ನನಗೆ ಮೆಸೇಜ್ ಮಾಡಿ. ದುಡ್ಡು ಬೇಡ. ಸೋಮವಾರ ಸಂತೆಗೆ ಪೇಟೆಗೆ ಜೀಪಲ್ಲೇ ಬರ್ತೀನಿ, ಹೇಳಿದ್ರೆ ತಂದು ಕೊಡ್ತೀನಿ, ಅಳತೆ ತೆಗೊಂಡು ರಟ್ಟು ವಾಪಸ್ ಕೊಡಿ, ಇನ್ನೊಬ್ರಿಗೂ ಬೇಕಾಗುತ್ತೆ. ಟಿಂಕರ್ ಕೆಲಸ ಕಲೀಬೇಕು ಅನ್ನೋ ಹುಡುಗ್ರು ಹುಡುಗೀರು ಯಾರಾದ್ರೂ ಇದ್ರೆ ಅವರೂ ಹೇಳಿ, ಕಾಕನ ಹತ್ರ ನಾನು ಮಾತಾಡಿದೀನಿ, ಕಲಿಸ್ತಾರಂತೆ.